ಎರಡು ಬೆರಳು ಎತ್ತರ

ಮಗಳ ಮನೆ, ಮಹಡಿಯ ಕೋಣೆ
ಸೋಮವಾರ, ಮಧ್ಯಾಹ್ನ

ಡ್ರೈವರ್ ಸಾಹೇಬರಿಗೆ, ಮುನಿಸು ಇಳಿಯದ ಹೆಂಡತಿ ಮಾಡುವ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ಮೊಣಕಾಲಿನ ಊತ ಇಳಿದಿದೆ, ಮೆಟ್ಟಿಲು ಹತ್ತುವಾಗ ಮಾತ್ರ ಒಂದಿಷ್ಟು ಸತಾಯಿಸುತ್ತದೆ. ನೀವು ಹೇಗಿದ್ದೀರಿ ಎಂದು ಕೇಳುವುದಿಲ್ಲ. ಕೇಳಿದರೆ ಟೈರು ಹೇಗಿದೆ ಎಂದು ಹೇಳುತ್ತೀರಿ.

ಶನಿವಾರ ನಿಮ್ಮ ಫೋನು ಬಂದಾಗ ನಾನು ಒಲೆ ಆರಿಸಿ, ಕೈ ಒರೆಸಿಕೊಂಡು, ಕುರ್ಚಿ ಎಳೆದುಕೊಂಡು ಕೂತೆ. ನಾನು ಜಗಳವಾಡಿ ಮಗಳ ಮನೆ ಸೇರಿದ ಮೇಲೆ ನೀವಾಗಿ ಮಾಡಿದ ಮೊದಲ ಫೋನು ಅದು. ಇಷ್ಟು ದಿನ ಹೊಟ್ಟೆಯಲ್ಲಿ ಇಟ್ಟುಕೊಂಡದ್ದನ್ನು ಇವತ್ತು ಹೇಳುತ್ತಾರೆ ಎಂದುಕೊಂಡೆ. ನೀವು ಹೇಳಿದ್ದು ಟೈರಿನ ವಿಷಯ. ನಮ್ಮ ಮನೆಗಾಡಿಗೆ ಮೊದಲಿದ್ದದ್ದಕ್ಕಿಂತ ದೊಡ್ಡ ಟೈರು ಹಾಕಿಸಿದಿರಂತೆ. ಟೈರು ನಾಲ್ಕು ಬೆರಳು ದೊಡ್ಡದಾದರೂ ಗಾಡಿಯ ಹೊಟ್ಟೆ ನೆಲದಿಂದ ಎದ್ದದ್ದು ಎರಡೇ ಬೆರಳಂತೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಟೈರು ಮಡ್‌ಗಾರ್ಡಿಗೆ ಉಜ್ಜುತ್ತಿತ್ತೆಂದು ಅದರ ಅಂಚನ್ನು ಕತ್ತರಿಸಿ ಮಡಚಿಸಿದಿರಂತೆ. ಇಷ್ಟನ್ನೂ ಉಸಿರು ಬಿಡದೆ ಹೇಳಿದಿರಿ. ಮದುವೆಯಾದ ಹೊಸದರಲ್ಲೂ ನೀವು ನನ್ನ ಹತ್ತಿರ ಅಷ್ಟು ಮಾತಾಡಿದ ನೆನಪಿಲ್ಲ.

ಕೊನೆಗೆ, "ಮುಂದಿನ ವಾರದ ಭಾನುವಾರ ಹೊರಡ್ತೀನಿ. ನೀನು ಬರ್ತೀಯಾ?" ಅಂದಿರಿ. ಬರೆದು ತಿಳಿಸುತ್ತೇನೆ ಎಂದೆ. ನೀವು "ಬರೆಯೋದೆಲ್ಲ ಯಾಕೆ, ಬಾಯಲ್ಲೇ ಹೇಳು" ಅಂದಿರಿ. ನನಗೆ ಉರಿದುಹೋಯಿತು. ಫೋನಿನಲ್ಲಿ ನೀವು ಹೂಂ ಅಂದರೆ ನನಗೆ ಸಿಟ್ಟು ಬರುತ್ತದೆ, ನನಗೆ ಸಿಟ್ಟು ಬಂದರೆ ನೀವು ಹೂಂ ಅನ್ನುತ್ತೀರಿ. ಕಾಗದದಲ್ಲಾದರೆ ನಡುವೆ ಹೂಂ ಇರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ, ನಿಮಗೆ ಇಷ್ಟವಿರಲಿ ಇಲ್ಲದಿರಲಿ.

ಬರುವುದೋ ಬೇಡವೋ ಎಂಬುದು ಸಣ್ಣ ಮಾತಲ್ಲ. ಆ ಗಾಡಿ ಬಿಟ್ಟರೆ ನಮಗೆ ಬೇರೆ ಮನೆಯಿಲ್ಲ. ನೀವು ಬಸ್ಸಿನ ಸ್ಟೇರಿಂಗ್ ಬಿಟ್ಟು, ನಾನು ಯೂನಿಫಾರ್ಮ್ ಕಾರ್ಖಾನೆಯ ಕತ್ತರಿ ಬಿಟ್ಟು ನಿವೃತ್ತರಾದ ಮೇಲೆ ಬಾಡಿಗೆ ಮನೆ ಖಾಲಿ ಮಾಡಿದೆವು. ಮಂಚ, ಒಲೆ, ನೀರಿನ ಟ್ಯಾಂಕು ಎಲ್ಲವನ್ನೂ ಒಳಗೇ ಇಟ್ಟುಕೊಂಡಿರುವ ಆ ಹಳೆಯ ಗಾಡಿಯಲ್ಲಿ ಸಂಸಾರ ಹೂಡಿದೆವು. ಭಾನುವಾರ ನೀವೊಬ್ಬರೇ ಅದನ್ನು ಹೊಡೆದುಕೊಂಡು ಹೋದರೆ ನಮ್ಮಿಬ್ಬರದು ಅಲ್ಲಿಗೆ ಮುಗಿದ ಹಾಗೆ. ಮಗಳು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಈ ಕೋಣೆಗೆ ಹೊಸ ಪರದೆ ತಂದು ಹಾಕಿದ್ದಾಳೆ. ನಾನು ಇಲ್ಲೇ ಉಳಿಯುತ್ತೇನೆಂದು ಅವಳ ಲೆಕ್ಕ.

ನಾನೂ ಲೆಕ್ಕ ಹಾಕುತ್ತಲೇ ಇದ್ದೇನೆ. ಆ ಟೈರು ಅಡ್ಡ ಬರುತ್ತದೆ. ಅದನ್ನು ಯಾಕೆ ಹಾಕಿಸಿದಿರಿ ಎಂಬುದೇ ನನಗೆ ತಲೆಬುಡ ಅರ್ಥವಾಗುತ್ತಿಲ್ಲ.

ಅವತ್ತಿನ ಸಂಜೆಯನ್ನು ಇನ್ನೊಮ್ಮೆ ಬರೆಯುತ್ತೇನೆ. ನೀವೂ ಅಲ್ಲೇ ಇದ್ದಿರಿ, ನಿಜ. ಆದರೆ ನಿಮ್ಮ ನೆನಪು ಒಂದು ದಾರಿ ಹಿಡಿದಿದೆ, ನನ್ನದು ಇನ್ನೊಂದು. ಯಾವುದು ಸರಿ ಎಂದು ಕಾಗದದ ಮೇಲಾದರೂ ನೋಡೋಣ.

ಗಾಡಿ ಕೊಂಡಾಗಿನಿಂದ ಅದರ ಹೊಟ್ಟೆ ನೆಲಕ್ಕೆ ತೀರಾ ಹತ್ತಿರ. ಮಂಚದ ಕೆಳಗೆ ಹೋಗುವ ಬೆಕ್ಕು ಅದರ ಕೆಳಗೆ ಹೋಗಲು ಯೋಚಿಸುತ್ತಿತ್ತು. ಹಾಗಾಗಿ ದಾರಿ ಕೆಟ್ಟಿದ್ದ ಕಡೆಯಲ್ಲೆಲ್ಲ ನಾನು ಇಳಿದು ಗಾಡಿಯ ಮುಂದೆ ಹೋಗುವುದು, ಬಗ್ಗಿ ನೋಡುವುದು, ನಿಮಗೆ ಕೈ ತೋರಿಸುವುದು, ನೀವು ನನ್ನ ಕೈ ನೋಡಿಕೊಂಡು ಇಂಚಿಂಚಾಗಿ ಬರುವುದು ರೂಢಿಯಾಯಿತು. ಎರಡೂ ಅಂಗೈ ನನ್ನ ಕಡೆ ತಿರುಗಿದ್ದರೆ ಬನ್ನಿ. ಎರಡೂ ಅಂಗೈ ನಿಮ್ಮ ಕಡೆ ಇದ್ದರೆ ನಿಲ್ಲಿ. ಒಂದು ಕೈ ಬೀಸಿದರೆ ಆ ಕಡೆಗೆ ತಿರುಗಿಸಿ. ಇಷ್ಟೇ ನಮ್ಮ ಭಾಷೆ. ಕ್ಲೀನರಮ್ಮ ಎಂದು ನೀವೇ ಹೆಸರಿಟ್ಟಿರಿ. ಆ ಹೆಸರು ಯಾರ ಎದುರೂ ನನಗೆ ನಾಚಿಕೆ ಅನ್ನಿಸಲಿಲ್ಲ. ಒಂದು ಥಾನು ಬಟ್ಟೆಯಲ್ಲಿ ಅರ್ಧ ಬೆರಳು ಹಾಳು ಮಾಡದೆ ಕತ್ತರಿಸಿದವಳು ನಾನು. ಕಲ್ಲಿಗೂ ಗಾಡಿಯಡಿಯ ಕೊಳೆನೀರಿನ ಟ್ಯಾಂಕಿಗೂ ನಡುವೆ ಎಷ್ಟು ಜಾಗವಿದೆ ಎಂದು ಹೇಳುವುದು ನನಗೆ ಎಡಗೈ ಕೆಲಸವಾಗಿತ್ತು.

ಅವತ್ತು ಕೆರೆಗೆ ಇಳಿಯುವ ಮಣ್ಣುದಾರಿ. ದಾರಿಯ ನಡುವೆ ಎಮ್ಮೆ ಮಲಗಿದ ಹಾಗೆ ಒಂದು ಬಂಡೆ. ನಾನು ಇಳಿದೆ. ಬಿಸಿಲು ನನ್ನ ಬೆನ್ನಿಗಿತ್ತು. ನೀವು ನಿಧಾನವಾಗಿ ಬಂದಿರಿ, ನಾನು ಬನ್ನಿ ಬನ್ನಿ ಎಂದು ಕರೆದೆ. ಬಗ್ಗಿ ನೋಡಿದರೆ ಕೊಳೆನೀರಿನ ಟ್ಯಾಂಕು ಬಂಡೆಗೆ ಇನ್ನೇನು ತಾಗುವುದರಲ್ಲಿತ್ತು. ಎದ್ದು ನಿಂತು ಎರಡೂ ಅಂಗೈ ನಿಮ್ಮ ಕಡೆ ಹಿಡಿದೆ. ನೀವು ಬಂದಿರಿ. ಇನ್ನೂ ಮೇಲಕ್ಕೆ ಎತ್ತಿದೆ. ನೀವು ಬಂದಿರಿ. ಬಂಪರು ಮೊಣಕಾಲಿಗೆ ತಗುಲಿ ನಾನು ಹಿಂದಕ್ಕೆ ಬಿದ್ದೆ. ಅದೇ ಹೊತ್ತಿಗೆ ಕೆಳಗೆ ಟ್ಯಾಂಕು ಲಟಕ್ಕೆಂದಿತು. ಬಂಡೆಯೇ ಗಾಡಿಯನ್ನು ನಿಲ್ಲಿಸಿದ್ದು.

ನೀವು ಇಳಿದು ಬಂದು ನನ್ನನ್ನು ಎಬ್ಬಿಸಿದಿರಿ. ಅದನ್ನು ಮರೆತಿಲ್ಲ. ಆದರೆ ಬಾಯಿಂದ ಬಂದ ಮೊದಲ ಮಾತು, "ಯಾಕೆ ಬಾ ಅಂದೆ?" ನಿಲ್ಲಿ ಅಂದೆ ಎಂದೆ. "ಬಾ ಅಂದೆ. ನಾನು ಕಣ್ಣಾರೆ ನೋಡ್ದೆ" ಅಂದಿರಿ. ಕ್ರೇನಿನವನು ಬಂದಾಗ ಅವನಿಗೂ ಅದನ್ನೇ ಹೇಳಿದಿರಿ, ಇವಳು ಕೈ ತಪ್ಪು ತೋರಿಸಿದಳು ಎಂದು. ಟೈರ್ ಅಂಗಡಿಯ ಹಿತ್ತಲಿಗೆ ಗಾಡಿ ಎಳೆಸಿ ನಿಲ್ಲಿಸಿದಾಗ ಅಂಗಡಿಯವನಿಗೂ ಹೇಳಿದಿರಿ. ಅಷ್ಟು ಹೊತ್ತಿಗೆ ನನ್ನ ಚೀಲ ತುಂಬಿಯಾಗಿತ್ತು.

ಈಗ ಒಂದು ವಿಷಯ ಹೇಳುತ್ತೇನೆ, ನಗಬೇಡಿ. ದಿನಾ ಬೆಳಿಗ್ಗೆ ಅಳಿಯ ಕ್ಲಿನಿಕ್ಕಿಗೆ, ಮಗಳು ಆಫೀಸಿಗೆ ಹೋದ ಮೇಲೆ ನಾನು ಬೀರುವಿನ ಕನ್ನಡಿಯ ಮುಂದೆ ನಿಂತು ಕೈ ಎತ್ತುತ್ತೇನೆ. ನಿಲ್ಲಿ. ಬನ್ನಿ. ನಿಲ್ಲಿ. ಕೈ ಎಲ್ಲಿ ತಪ್ಪುತ್ತದೆ ಎಂದು ಹುಡುಕುತ್ತೇನೆ. ಗಾಬರಿಯಲ್ಲಿ ಅಂಗೈ ತಿರುಗಿಹೋಗಿರಬಹುದೇ? ವಯಸ್ಸಾಯಿತು, ನಾನೊಂದು ಅಂದುಕೊಂಡರೆ ಕೈ ಇನ್ನೊಂದು ಮಾಡುತ್ತಿದೆಯೇ? ಹಾಗಿದ್ದರೆ ಚಹಾ ಸೋಸುವಾಗ ಏಕೆ ತಪ್ಪುವುದಿಲ್ಲ? ಒಂದು ದಿನ ಮನೆಗೆಲಸದವಳು ಬಾಗಿಲಲ್ಲಿ ನಿಂತು ನೋಡಿ, ಅಮ್ಮನವರು ವ್ಯಾಯಾಮ ಶುರು ಮಾಡಿದ್ದಾರೆ ಎಂದು ಮಗಳಿಗೆ ಹೇಳಿದಳಂತೆ. ಇರಲಿ ಬಿಡಿ.

ಟೈರಿಗೆ ಬರುತ್ತೇನೆ. ಯಾವ ದಾರಿಗೆ ಎಂದು ಫೋನಿನಲ್ಲೇ ಕೇಳಿದೆ. "ಎಲ್ಲಾ ದಾರಿಗೂ" ಅಂದಿರಿ. ನಾವು ಕಾಡುಮೇಡು ಸುತ್ತುವವರಲ್ಲ. ವರ್ಷಕ್ಕೆ ನಾಲ್ಕೈದು ಕೆಟ್ಟ ದಾರಿ ಸಿಕ್ಕಿದರೆ ಹೆಚ್ಚು, ಅದಕ್ಕೆ ನಾನಿದ್ದೆ. ಮಗಳನ್ನು ಕೇಳಿದರೆ, ಅಪ್ಪನಿಗೆ ಹಟ, ಬಂಡೆಯ ಮೇಲಿನ ಸಿಟ್ಟನ್ನು ಟೈರಿನ ಮೇಲೆ ತೀರಿಸಿಕೊಂಡರು ಎನ್ನುತ್ತಾಳೆ. ಅಳಿಯನ ಅಭಿಪ್ರಾಯ ಬೇರೆ. ಗಂಡಸರು ಕ್ಷಮೆ ಕೇಳುವುದು ಹೀಗೇ, ಬಾಯಿ ಬಿಡುವ ಬದಲು ಏನಾದರೂ ರಿಪೇರಿ ಮಾಡಿಸುತ್ತಾರೆ ಎನ್ನುತ್ತಾನೆ. ಹಲ್ಲಿನ ಡಾಕ್ಟರು, ಜನರ ಬಾಯಿ ತೆರೆಸುವುದೇ ಅವನ ಕಸುಬು. ಆದರೂ ನಿಮ್ಮ ಬಾಯಿ ತೆರೆಸುವುದು ಅವನಿಂದಲೂ ಆಗಲಿಲ್ಲ.

ನಿನ್ನೆ ಮಗಳು ಗಾಡಿ ನೋಡಿಕೊಂಡು ಬಂದಳಲ್ಲ, ಅವಳು ಹೇಳಿದ್ದು ಕೇಳಿ ನನಗೆ ಇನ್ನಷ್ಟು ಗೋಜಲಾಯಿತು. ಹೊಸ ಸ್ಟೆಪ್ನಿ ಹಿಂಭಾಗದ ಕೆಳಗಿನ ಹಳೆಯ ಜಾಗದಲ್ಲಿ ಹಿಡಿಸುವುದಿಲ್ಲವಂತೆ. ತೂಗುಹಾಕಿದರೆ ಎತ್ತರಿಸಿಕೊಂಡ ಎರಡು ಬೆರಳನ್ನು ಅದೇ ತಿಂದುಹಾಕುತ್ತದೆ ಎಂದು ನೀವು ಅದನ್ನು ಒಳಗೆ ತಂದು, ಕಿಟಕಿ ಪಕ್ಕದ ಬೆಂಚಿನ ಮೇಲೆ ಇಟ್ಟು ಬೆಲ್ಟಿನಿಂದ ಬಿಗಿದಿದ್ದೀರಂತೆ. ಅದು ನನ್ನ ಬೆಂಚು ರೀ. ನಾನು ಕೂತು ಹೊಲಿಯುವ, ಓದುವ, ನಿಮ್ಮ ಮೇಲೆ ರೇಗಿದಾಗ ಹೊರಗೆ ನೋಡುತ್ತಾ ಕೂರುವ ಜಾಗ. ಅಲ್ಲಿ ಈಗ ಒಂದು ಚಕ್ರ ಕೂತಿದೆ. ಅದೂ ನನ್ನ ಹಾಗೇ ದಪ್ಪಗಿದೆ ಎಂದು ಮಗಳು ನಕ್ಕಳು. ನನಗೆ ನಗು ಬರಲಿಲ್ಲ.

ಅದೇ ಉಸಿರಿನಲ್ಲಿ ಅವಳು ಇನ್ನೊಂದು ಹೇಳಿದಳು. ಗಾಡಿ ಎತ್ತರವಾಯಿತೆಂದು ನನ್ನ ಕಡೆಯ ಬಾಗಿಲಿಗೆ ಒಂದು ಹೊಸ ಮೆಟ್ಟಿಲು ಬೆಸುಗೆ ಹಾಕಿಸಿದ್ದೀರಂತೆ. ಜಾರದ ಹಾಗೆ ಮೇಲೆ ರಬ್ಬರು ಅಂಟಿಸಿ, ಹಿಡಿದುಕೊಳ್ಳಲು ಒಂದು ಹಿಡಿಯನ್ನೂ ಕೂರಿಸಿದ್ದೀರಂತೆ. ನಿಮ್ಮ ಕಡೆಯ ಬಾಗಿಲಿಗೆ ಏನೂ ಇಲ್ಲವಂತೆ.

ಈಗ ನೀವೇ ಹೇಳಿ, ನಾನು ಏನೆಂದು ತಿಳಿಯಲಿ? ಹತ್ತಲು ಮೆಟ್ಟಿಲಿದೆ, ಕೂರಲು ಜಾಗವಿಲ್ಲ. ಇನ್ನು ಮೇಲೆ ನಾನು ಕಲ್ಲುಮುಳ್ಳಿನಲ್ಲಿ ಇಳಿದು ಪಾಡು ಪಡಬಾರದೆಂದು ಟೈರು ಹಾಕಿಸಿದಿರೋ, ಇವಳ ಕೈಯನ್ನು ಇನ್ನು ನಂಬಿ ಪ್ರಯೋಜನವಿಲ್ಲ, ಇವಳಿಲ್ಲದೆಯೇ ದಾಟುತ್ತೇನೆ ಎಂದು ಹಾಕಿಸಿದಿರೋ? ಒಂದು ಹೊತ್ತು ಮೊದಲನೆಯದು ನಿಜ ಅನ್ನಿಸಿ ಚೀಲ ತುಂಬುತ್ತೇನೆ. ಇನ್ನೊಂದು ಹೊತ್ತು ಎರಡನೆಯದು ನಿಜ ಅನ್ನಿಸಿ ಬಟ್ಟೆಯೆಲ್ಲ ತೆಗೆದು ಬೀರುವಿನಲ್ಲಿ ಇಡುತ್ತೇನೆ. ಒಂದೇ ಸೀರೆಯನ್ನು ಇಷ್ಟು ಸಲ ಮಡಚಿದ್ದು ಜೀವಮಾನದಲ್ಲಿ ಇದೇ ಮೊದಲು.

ಎರಡನೆಯದೇ ಇರಬೇಕು ಅನ್ನಿಸಲು ಕಾರಣವಿದೆ. ಆ ಸಂಜೆಗೂ ಮುಂಚಿನಿಂದಲೇ ನೀವು ನನ್ನ ಕೆಲಸದಲ್ಲಿ ಹುಳುಕು ಹುಡುಕುತ್ತಿದ್ದಿರಿ. ಕೈ ಸನ್ನೆ ಸಾಕು, ಬಾಯಲ್ಲಿ ಕೂಗು ಎಂದಿರಿ. ರಸ್ತೆ ರಿಪೇರಿಯವರು ಹಾಕುವಂಥ ಕಿತ್ತಳೆ ಬಣ್ಣದ ಒಂದು ಕೋಟು ತಂದುಕೊಟ್ಟು, ಇಳಿಯುವಾಗ ಇದನ್ನು ಹಾಕಿಕೋ, ಚೆನ್ನಾಗಿ ಕಾಣ್ತೀಯ ಎಂದಿರಿ. ಚೆಂದ ಕಾಣುವುದಕ್ಕೆ ಇಂಥ ಉಡುಗೊರೆ ಕೊಡುವ ಗಂಡ ಜಗತ್ತಿನಲ್ಲಿ ನೀವೊಬ್ಬರೇ. ನಾನು ಅದನ್ನು ಮೊಳೆಗೆ ನೇತುಹಾಕಿದೆ. ಅದಕ್ಕೂ ನೀವು ಎರಡು ದಿನ ತುಟಿ ಪಿಟಕ್ಕೆನ್ನಲಿಲ್ಲ.

ಇನ್ನೊಂದು ಮರೆತೆ. ದೊಡ್ಡ ಟೈರು ಹಾಕಿದರೆ ವೇಗದ ಮೀಟರು ತಪ್ಪು ತೋರಿಸುತ್ತದೆ, ಗಾಡಿ ಓಡುವುದಕ್ಕಿಂತ ಕಡಿಮೆ ಹೇಳುತ್ತದೆ ಎಂದು ಅಳಿಯ ಎಲ್ಲೋ ಓದಿ ಹೇಳಿದ. ಇದ್ದದ್ದಕ್ಕಿಂತ ಕಡಿಮೆ ಹೇಳುವುದು ನಿಮಗೆ ಮೊದಲಿಂದ ರೂಢಿ. ಈಗ ಗಾಡಿಗೂ ಕಲಿಸಿದಿರಿ.

ಇಲ್ಲಿಗೆ ನಿಲ್ಲಿಸುತ್ತೇನೆ. ಕಾಗದದ ಮೇಲೂ ಬಗೆಹರಿಯಲಿಲ್ಲ. ನಾಳೆ ಬಸ್ಸು ಹತ್ತಿ ಟೈರ್ ಅಂಗಡಿಗೆ ಹೋಗುತ್ತೇನೆ, ನಿಮ್ಮನ್ನು ನೋಡಲಲ್ಲ, ಆ ಟೈರನ್ನು ನೋಡಲು. ನೋಡಿಕೊಂಡು ಬಂದು ಹೂಂ ಎಂದೋ ಊಹೂಂ ಎಂದೋ ಬರೆದು ಮುಗಿಸುತ್ತೇನೆ.

ಬುಧವಾರ, ಬೆಳಿಗ್ಗೆ

ಅಕ್ಷರ ಬದಲಾಯಿತೆಂದು ಗಾಬರಿಯಾಗಬೇಡಿ, ಬರೆಯುತ್ತಿರುವವಳು ನಾನೇ. ಬಟ್ಟೆಗೆ ನಮೂನೆ ಕತ್ತರಿಸುವ ನನ್ನ ಕಂದು ಕಾಗದದ ಸುರುಳಿ ಮಗಳ ಮನೆಯ ಅಟ್ಟದಲ್ಲಿ ಇತ್ತು. ಅದನ್ನು ನೆಲದ ಮೇಲೆ ಹಾಸಿಕೊಂಡು, ದಪ್ಪ ಕಪ್ಪು ಪೆನ್ನಿನಿಂದ ಒಂದೊಂದು ಅಕ್ಷರವನ್ನು ಹೆಬ್ಬೆರಳಿನಷ್ಟು ದೊಡ್ಡದಾಗಿ ಬರೆಯುತ್ತಿದ್ದೇನೆ. ಮೊಣಕಾಲೂರಿ ಬರೆಯಬೇಕು, ನೋಯುತ್ತದೆ. ಬಿಸಿಲಿರುವ ಕಡೆ ಹರಡಿಕೊಂಡು ಓದಿ. ಇದನ್ನು ನೀವೇ ಓದಬೇಕು, ಅಂಗಡಿಯವನಿಂದ ಓದಿಸಕೂಡದು.

ಮೇಲಿನ ಸಣ್ಣ ಅಕ್ಷರದ ಪುಟಗಳನ್ನು ನೀವು ಓದಿರಲಾರಿರಿ. ಪರವಾಗಿಲ್ಲ. ಅವೆಲ್ಲ ಜಗಳದ ಪುಟಗಳು.

ನಿನ್ನೆ ಅಂಗಡಿಗೆ ಹೋದಾಗ ನೀವು ಚಹಾ ಕುಡಿಯಲು ಹೊರಗೆ ಹೋಗಿದ್ದಿರಿ. ಅಂಗಡಿಯವನು ಇದ್ದ. ಬಾಯಿಬಡುಕ ಮನುಷ್ಯ. ಅವತ್ತು ಕತ್ತಲಲ್ಲಿ ನೋಡಿದ್ದ ನನ್ನ ಗುರುತು ಅವನಿಗೆ ಹತ್ತಲಿಲ್ಲ, ನಾನೂ ಹೇಳಿಕೊಳ್ಳಲಿಲ್ಲ. ಅಳಿಯನ ಗಾಡಿಗೆ ಟೈರು ಬೇಕಿತ್ತು ಎಂದೆ. ಅವನು ನನಗೆ ಹಿತ್ತಲಲ್ಲಿ ನಿಂತಿರುವ ನಮ್ಮ ಗಾಡಿಯನ್ನೇ ಕಿಟಕಿಯಿಂದ ತೋರಿಸಿ, ನೋಡಿ ಮೇಡಂ, ಮೊನ್ನೆ ತಾನೇ ಹಾಕಿದ್ದು, ನೆಲದಿಂದ ಎತ್ತರ, ಗ್ರೌಂಡ್ ಕ್ಲಿಯರೆನ್ಸ್ ಅಂದರೆ ಇದು ಎಂದು ಶುರು ಮಾಡಿದ. ಈ ಸಾರ್ ಯಾವ ರೋಡಿಗೆ ಹೋಗುತ್ತಾರೆ ಎಂದು ಕೇಳಿದೆ. "ರೋಡಿನ ವಿಷಯ ಅವರು ಹೇಳ್ಲೇ ಇಲ್ಲ. ಯಾರೂ ಇಳಿದು ಮುಂದೆ ನಿಲ್ಲದೆ ದಾಟೋ ಹಾಗೆ ಮಾಡಿಕೊಡಿ ಅಂದ್ರು, ಅಷ್ಟೇ. ಅದನ್ನ ಮೂರ್ನಾಲ್ಕು ಸಲ ಹೇಳಿದ್ರು" ಎಂದ.

ನೋಡಿದಿರಾ, ಎರಡನೆಯದೇ ನಿಜವಾಯಿತು, ನಾನು ಬೇಡವಾದೆ ಎಂದುಕೊಂಡೆ. ಹೊರಡೋಣವೆಂದು ಎದ್ದೆ.

ಅವನು ಬಿಡಬೇಕಲ್ಲ. ನಿಮ್ಮ ಗುಣಗಾನ ಮುಂದುವರಿಸಿದ. ಹಳೆಯ ಕಾಲದ ಡ್ರೈವರು ಮೇಡಂ, ಈಗಿನವರ ಹಾಗಲ್ಲ. ನಾವು ನಾಲ್ಕು ಥರದ ಟೈರು ತಂದು ಸಾಲಾಗಿ ನಿಲ್ಲಿಸಿದರೆ ಆ ಸಾರ್ ಪಕ್ಕದಲ್ಲಿ ಕೂತು, ಟೈರಿನ ಮೈಮೇಲೆ ಉಬ್ಬಿಕೊಂಡಿರುವ ಅಂಕಿಗಳ ಮೇಲೆ ಬೆರಳಾಡಿಸಿಯೇ ಸೈಜು ಹೇಳಿಬಿಡುತ್ತಾರೆ. "ಕಣ್ಣೆತ್ತಿ ನೋಡೋದೇ ಇಲ್ಲ, ಕೈಯಲ್ಲೇ ಓದ್ತಾರೆ. ಅನುಭವ ಅಂದ್ರೆ ಅದು" ಎಂದ. ಬಿಲ್ಲಿಗೆ ಸಹಿ ಹಾಕುವಾಗ ಮಾತ್ರ ಎಲ್ಲಿ ಹಾಕಬೇಕೆಂದು ತೋರಿಸಬೇಕಾಯಿತಂತೆ. ಅದನ್ನೂ ಅವನು ದೊಡ್ಡ ಮನುಷ್ಯರ ಧಾಟಿ ಎಂದು ಅರ್ಥ ಮಾಡಿಕೊಂಡಿದ್ದಾನೆ.

ಅಲ್ಲೇ ಇದ್ದ ಒಂದು ಟೈರಿನ ಮೇಲೆ ಕೂತೆ. ನೀರು ಕೊಟ್ಟ, ಕುಡಿದೆ.

ಯಾವಾಗಿನಿಂದ ರೀ? ಕಿತ್ತಳೆ ಕೋಟು ತಂದಾಗಲೇ ಗೊತ್ತಿತ್ತೇ? ಸಂಜೆಯಾದ ಮೇಲೆ ಗಾಡಿ ಓಡಿಸುವುದಿಲ್ಲ, ಬೆನ್ನು ನೋಯುತ್ತದೆ ಎಂದು ಶುರು ಮಾಡಿದಾಗಲೇ? ಬಲ್ಬು ಮಂಕಾಗಿದೆ ಎಂದು ಗಾಡಿಯ ಬಲ್ಬುಗಳನ್ನೆಲ್ಲ ಬದಲಾಯಿಸಿದಿರಿ, ಪೇಪರು ಓದಿ ಹೇಳು, ನಿನ್ನ ದನಿಯಲ್ಲಿ ಕೇಳಲು ಚೆನ್ನಾಗಿರುತ್ತದೆ ಎಂದಿರಿ. ನಾನು ಮರುಳಿ, ಈ ವಯಸ್ಸಿನಲ್ಲಿ ಇವರಿಗೆ ನನ್ನ ದನಿಯ ಮೇಲೆ ಪ್ರೀತಿ ಹುಟ್ಟಿತೆಂದು ಹಿಗ್ಗಿದೆ. ಅಂಗೈ ಅಗಲದ ಗಾಡಿಯಲ್ಲಿ, ಒಬ್ಬರ ಮೊಣಕೈ ಒಬ್ಬರಿಗೆ ತಾಗುವಂತೆ ಬದುಕಿಯೂ ನನಗೆ ಗೊತ್ತಾಗಲಿಲ್ಲ. ಯಾರ ಮೇಲೆ ಸಿಟ್ಟಾಗಲಿ ಹೇಳಿ. ಬಚ್ಚಿಟ್ಟ ನಿಮ್ಮ ಮೇಲೋ, ಕಾಣದೆ ಹೋದ ನನ್ನ ಮೇಲೋ?

ಅವತ್ತು ನಾನು ಸರಿಯಾಗಿಯೇ ಕೈ ತೋರಿಸಿದ್ದೆ. ಕನ್ನಡಿಯ ಮುಂದೆ ನಿಂತಿದ್ದೆಲ್ಲ ದಂಡ. ಇದು ಗೊತ್ತಾದಾಗ ಗೆದ್ದೆ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ತಪ್ಪು ನನ್ನ ಕೈಯದೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು.

ಬಂಡೆಯ ಹತ್ತಿರ ನಿಮಗೆ ಬಿಸಿಲಿನಲ್ಲಿ ಏನೋ ಒಂದು ಅಲುಗಾಡುವುದು ಕಂಡಿರಬೇಕು. ಅದನ್ನು ಬಾ ಎಂದುಕೊಂಡಿರಿ. ಇಳಿದು ಬಂದ ಮೇಲೆ, ನಾನು ನಿಲ್ಲಿ ಅಂದಿದ್ದೆ ಎಂದು ಕೇಳಿದ ಮೇಲೆ, ನಿಮಗೂ ಅರ್ಥವಾಗಿರಬೇಕು. ಅರ್ಥವಾದದ್ದಕ್ಕೇ ಅಷ್ಟು ಜೋರಾಗಿ ಕೂಗಾಡಿದಿರಿ. ಆಮೇಲೆ ಒಬ್ಬರೇ ಕೂತು ಯೋಚಿಸಿ, ಇವಳು ಇನ್ನೆಂದೂ ನನ್ನ ಗಾಡಿಯ ಮುಂದೆ ನಿಲ್ಲಬಾರದು, ನಿಂತರೆ ನಾನೇ ಇವಳ ಮೇಲೆ ಹತ್ತಿಸಿಬಿಡುತ್ತೇನೆ ಎಂದು ಹೆದರಿ ಆ ಟೈರು ಹಾಕಿಸಿದಿರಿ. ಮೆಟ್ಟಿಲು ಹಾಕಿಸಿದ್ದೂ ನನ್ನನ್ನು ಒಳಗೆ ಹತ್ತಿಸಿ ಕೂರಿಸುವುದಕ್ಕೆ. ಇದರಲ್ಲಿ ಪ್ರೀತಿ ಎಷ್ಟು, ಪೆದ್ದುತನ ಎಷ್ಟು ಎಂದು ಬೇರೆ ಮಾಡಲು ನನಗೆ ಬರುತ್ತಿಲ್ಲ. ನಿನ್ನೆಯಿಂದ ಒಂದು ಸಲ ಕಣ್ಣೀರು ಬಂದರೆ ಮರುಗಳಿಗೆ ನಿಮಗೆ ನಾಲ್ಕು ಬಾರಿಸೋಣ ಅನ್ನಿಸುತ್ತದೆ.

ನನ್ನನ್ನು ಒಳಗೆ ಕೂರಿಸಿದಿರಿ ಅನ್ನಿ. ರಸ್ತೆಯಲ್ಲಿ ಬೇರೆ ಯಾರೂ ಇರುವುದಿಲ್ಲವೇ? ಶಾಲೆ ಬಿಟ್ಟ ಮಕ್ಕಳಿರುತ್ತಾರೆ, ಸೈಕಲ್ಲಿನವರಿರುತ್ತಾರೆ, ನನ್ನ ಹಾಗೆ ಕಾಲು ನೋಯುವ ಮುದುಕಿಯರು ರಸ್ತೆ ದಾಟುತ್ತಿರುತ್ತಾರೆ. ಅವರಿಗೆ ಯಾವ ಸೈಜಿನ ಟೈರು ಹಾಕಿಸುತ್ತೀರಿ? ಇಷ್ಟು ವರ್ಷ ಬಸ್ಸು ಓಡಿಸಿ ಒಂದು ನಾಯಿಗೂ ಪೆಟ್ಟು ಮಾಡದವರು ನೀವು. ಇಳಿವಯಸ್ಸಿನಲ್ಲಿ ಎರಡು ಬೆರಳು ಎತ್ತರವನ್ನು ನಂಬಿಕೊಂಡು ಹೊರಟಿದ್ದೀರಿ.

ನಿಮಗೆ ಯಾವ ಹೆದರಿಕೆ ಎಂದು ನನಗೆ ಗೊತ್ತಿದೆ. ಡಿಪೋದಲ್ಲಿ ವರ್ಷ ವರ್ಷ ಕಣ್ಣು ಪರೀಕ್ಷೆಗೆ ನಿಲ್ಲಿಸುತ್ತಿದ್ದರಲ್ಲ, ಆ ದಿನ ನೀವು ಬೆಳಗಿನ ತಿಂಡಿಯನ್ನೂ ತಿನ್ನುತ್ತಿರಲಿಲ್ಲ. ಅದರಲ್ಲಿ ಸೋತ ನಿಮ್ಮ ಗೆಳೆಯನನ್ನು ಟಿಕೆಟ್ ಕಿಟಕಿಯಲ್ಲಿ ಕೂರಿಸಿದಾಗ ನೀವು ಆ ಕಡೆಯಿಂದ ನಡೆಯುವುದನ್ನೇ ಬಿಟ್ಟಿರಿ. ಡಾಕ್ಟರು ಸ್ಟೇರಿಂಗ್ ಮುಟ್ಟಬೇಡಿ ಅಂದುಬಿಟ್ಟರೆ ಆ ಗಾಡಿ ಹೋಯಿತು, ಗಾಡಿ ಹೋದರೆ ಮನೆ ಹೋಯಿತು, ಇವಳು ಮಗಳ ಮನೆಯಲ್ಲಿ, ನಾನು ಇನ್ನೆಲ್ಲೋ ಎಂದು ಲೆಕ್ಕ ಹಾಕಿದಿರಿ ಅಲ್ಲವೇ? ನೀವು ಬಾಯಿ ಬಿಡದೆಯೂ ಅದೇ ಆಯಿತು ನೋಡಿ. ನಾನು ಮಗಳ ಮನೆಯಲ್ಲೇ ಇದ್ದೇನೆ.

ಇನ್ನು ನನ್ನ ಉತ್ತರ. ಇದನ್ನು ಇನ್ನೂ ದೊಡ್ಡದಾಗಿ ಬರೆಯುತ್ತೇನೆ.

ಬರುತ್ತೇನೆ.

ಆದರೆ ಭಾನುವಾರ ಗಾಡಿ ಎಲ್ಲಿಗೂ ಹೊರಡುವುದಿಲ್ಲ. ಈ ಕಾಗದ ತಲುಪಿದ ಕೂಡಲೇ ಕೀಲಿಯನ್ನು ಅಂಗಡಿಯವನ ಕೈಗೆ ಕೊಡಿ. ಕೊಡುತ್ತೀರೆಂದು ನಂಬಿದ್ದೇನೆ, ಆದರೂ ಅವನಿಗೂ ಫೋನ್ ಮಾಡಿಸಿ ಹೇಳಿಸಿದ್ದೇನೆ. ಶುಕ್ರವಾರ ನಾನು ಚೀಲ ತೆಗೆದುಕೊಂಡು ಬರುತ್ತೇನೆ. ಟೈರ್ ಅಂಗಡಿಯ ಹಿತ್ತಲಾದರೇನು, ನಲ್ಲಿ ಇದೆ, ಒಂದು ಮರವಿದೆ, ನಾವು ಇದಕ್ಕಿಂತ ಕೆಟ್ಟ ಜಾಗದಲ್ಲೂ ತಂಗಿದ್ದೇವೆ. ಸೋಮವಾರ ಕಣ್ಣಾಸ್ಪತ್ರೆಗೆ ಹೋಗುವುದು. ಅಳಿಯ ತನ್ನ ಜೊತೆ ಓದಿದ ಕಣ್ಣಿನ ಡಾಕ್ಟರಿಗೆ ಹೇಳಿದ್ದಾನೆ. ಪೊರೆಯಾಗಿದ್ದರೆ ತೆಗೆದರೆ ಸರಿಹೋಗುತ್ತದಂತೆ. ಬೇರೆ ಏನಾದರೂ ಆಗಿದ್ದರೆ ಏನು ಮಾಡುವುದೆಂದು ನನಗೂ ಗೊತ್ತಿಲ್ಲ. ಅದನ್ನು ಅವರ ಬಾಯಿಂದ ಇಬ್ಬರೂ ಒಟ್ಟಿಗೆ ಕೇಳೋಣ. ನೀವು ಒಬ್ಬರೇ ಕೇಳಿಕೊಂಡು ಬಂದು ಅರ್ಧ ಹೇಳುವುದು ಬೇಡ.

ನಿಮ್ಮ ಕಣ್ಣು ಸರಿಹೋದರೆ ಮತ್ತೆ ಓಡಿಸುವಿರಂತೆ. ಆಗಲೂ ಕೆಟ್ಟ ದಾರಿ ಬಂದರೆ ನಾನು ಇಳಿಯುವವಳೇ. ಟೈರು ಎಷ್ಟು ದೊಡ್ಡದಿದ್ದರೂ ಸರಿ. ಸರಿಹೋಗದಿದ್ದರೆ ನಾನು ಓಡಿಸಲು ಕಲಿಯುತ್ತೇನೆ, ನೀವು ಪಕ್ಕದಲ್ಲಿ ಕೂತು ಬಯ್ಯಬಹುದು. ಅದೂ ಆಗದಿದ್ದರೆ ಗಾಡಿಯನ್ನು ಯಾವುದಾದರೂ ಮರದ ಕೆಳಗೆ ನಿಲ್ಲಿಸಿ ಅದರಲ್ಲೇ ಇರೋಣ. ನಿಂತ ಗಾಡಿಯೂ ಮನೆಯೇ ತಾನೇ.

ನನ್ನ ಬೆಂಚಿನ ಮೇಲಿರುವ ಆ ಚಕ್ರವನ್ನು ಶುಕ್ರವಾರದೊಳಗೆ ತೆಗೆಸಿ. ಎಲ್ಲಿ ಇಡುತ್ತೀರೋ ನನಗೆ ಗೊತ್ತಿಲ್ಲ.

ನಿಮ್ಮ ಮುಂದೆಯೇ ನಿಲ್ಲುವ,
ಕ್ಲೀನರಮ್ಮ

ಮತ್ತೆ: ನೀವು ಚಹಾ ಕುಡಿಯಲು ಹೋಗಿದ್ದಿರಿ ಎಂದು ಮೇಲೆ ಬರೆದದ್ದು ಸುಳ್ಳು. ಬರೆಯಬಾರದೆಂದುಕೊಂಡಿದ್ದೆ, ಆದರೆ ಬಚ್ಚಿಡುವ ಕೆಲಸ ನಮ್ಮ ಮನೆಯಲ್ಲಿ ಇನ್ನು ಸಾಕು. ಅಂಗಡಿಯವನ ಮಾತು ಮುಗಿದ ಮೇಲೆ ನಾನು ಹಿತ್ತಲಿಗೆ ಬಂದೆ. ನೀವು ಡ್ರೈವರ್ ಸೀಟಿನಲ್ಲಿ ಕೂತು ಗಾಜು ಒರೆಸುತ್ತಿದ್ದಿರಿ. ನಾನು ಯಾವಾಗಲೂ ನಿಲ್ಲುವಷ್ಟು ದೂರದಲ್ಲಿ, ಗಾಡಿಯ ಮುಂದೆ ನಿಂತು, ಎರಡೂ ಅಂಗೈ ನಿಮ್ಮ ಕಡೆ ಎತ್ತಿ ಹಿಡಿದೆ. ನೀವು ನನ್ನ ಕಡೆಗೇ ನೋಡಿದಿರಿ. ಆಮೇಲೆ ಕಿಟಕಿ ಇಳಿಸಿ, ತುಂಬಾ ಮೆತ್ತಗೆ, "ಯಾರು ಬೇಕಿತ್ತಮ್ಮಾ ನಿಮಗೆ? ಅಂಗಡಿ ಬಾಗಿಲು ಮುಂದ್ಗಡೆ ಇದೆ, ಹುಷಾರಾಗಿ ಬನ್ನಿ, ಇಲ್ಲಿ ಕಬ್ಬಿಣ ಬಿದ್ದಿದೆ" ಅಂದಿರಿ. ನಾನು ತಿರುಗಿ ಬಂದುಬಿಟ್ಟೆ. ಮದುವೆಯಾದಾಗಿನಿಂದ ನೀವು ನನಗೆ ಬಹುವಚನ ಕೊಟ್ಟು ಮಾತಾಡಿಸಿದ್ದು ಅದೇ ಮೊದಲು. ನನಗೆ ಆ ಮರ್ಯಾದೆ ಬೇಡ ರೀ.